ಒಂದೇ ಉಸಿರಿಗೆ ಸೀಸನ್ ಮುಗಿಸಬೇಕೆ, ವಾರಕ್ಕೊಂದು ಸಂಚಿಕೆ ನೋಡಬೇಕೆ?

ಇಡೀ ರಾತ್ರಿಯ ಯಕ್ಷಗಾನದ ಆಟವನ್ನು ಮೂರು ಗಂಟೆಯ ಕಾಲಮಿತಿಗೆ ಇಳಿಸುವಾಗ ಭಾಗವತರು ತಾಳವನ್ನು ಮೂರು ಪಟ್ಟು ಓಡಿಸುವುದಿಲ್ಲ. ಯಾವ ಪದ್ಯ ಬಿಡಬೇಕು, ಯಾವ ಪ್ರವೇಶ ಮೊಟಕು ಮಾಡಬೇಕು ಎಂದು ಮೊದಲೇ ಪ್ರಸಂಗದ ನಡೆ ಹಾಕಿಕೊಳ್ಳುತ್ತಾರೆ. ಕಥೆ ಅದೇ, ಕಟ್ಟಿದ ಅಳತೆ ಬೇರೆ. ಟಿವಿ ಸರಣಿಗಳೂ ಹೀಗೆಯೇ. ಕೆಲವನ್ನು ಒಂದೇ ಬೈಠಕ್‌ಗೆಂದು ಕಟ್ಟಿರುತ್ತಾರೆ, ಕೆಲವನ್ನು ಏಳು ದಿನದ ಬಿಡುವು ಇರುತ್ತದೆಂದು ಲೆಕ್ಕ ಹಾಕಿಯೇ ಕಟ್ಟಿರುತ್ತಾರೆ. ಎಲ್ಲವನ್ನೂ ಒಂದೇ ರೀತಿ ನೋಡಿದರೆ ಒಳ್ಳೆಯ ಸರಣಿಯೂ ಸಪ್ಪೆಯಾಗುತ್ತದೆ. ಆದ್ದರಿಂದ "ಬಿಂಜ್ (ಒಂದೇ ಉಸಿರಿಗೆ ನೋಡುವುದು) ಒಳ್ಳೆಯದೋ, ವಾರಕ್ಕೊಂದು ಒಳ್ಳೆಯದೋ" ಎಂದು ಕೇಳುವ ಮೊದಲು ಕೈಯಲ್ಲಿರುವ ಸರಣಿ ಯಾವ ನಡೆಗೆ ಕಟ್ಟಿದ್ದು ಎಂದು ನೋಡಿಕೊಳ್ಳಬೇಕು. ಅದನ್ನು ಗುರುತಿಸುವುದು ಹೇಗೆ, ಗುರುತಿಸಿದ ಮೇಲೆ ಮನೆಯಲ್ಲಿ ಏನೇನು ಸಿದ್ಧ ಮಾಡಿಕೊಳ್ಳಬೇಕು ಎಂಬುದನ್ನು ಮಂಗಳೂರು–ಉಡುಪಿ ಕಡೆಯ ಮಳೆ, ಕರೆಂಟು, ನೆಟ್‌ವರ್ಕ್‌ಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡು ಇಲ್ಲಿ ಬರೆದಿದ್ದೇವೆ.

ಎರಡೂ ಕ್ರಮಗಳ ವ್ಯತ್ಯಾಸಕ್ಕೆ ನಮ್ಮಲ್ಲೇ ಒಳ್ಳೆಯ ಉದಾಹರಣೆ ಇದೆ. ದೂರದರ್ಶನದ 'ರಾಮಾಯಣ' 1987ರ ಜನವರಿಯಲ್ಲಿ ಶುರುವಾಗಿ 1988ರ ಜುಲೈವರೆಗೆ ಭಾನುವಾರ ಬೆಳಿಗ್ಗೆ ವಾರಕ್ಕೊಂದರಂತೆ ಬಂತು. 2020ರ ಲಾಕ್‌ಡೌನ್‌ನಲ್ಲಿ ಮಾರ್ಚ್ 28ರಿಂದ ಅದನ್ನೇ ಬೆಳಿಗ್ಗೆ ಒಂಬತ್ತಕ್ಕೊಮ್ಮೆ, ರಾತ್ರಿ ಒಂಬತ್ತಕ್ಕೊಮ್ಮೆ ಹಾಕಿದರು. ಒಂದೂವರೆ ವರ್ಷದ ಕಥೆ ಮೂರು ವಾರದಲ್ಲಿ ಮುಗಿಯಿತು. ಮೊದಲ ಸಲ ವಾರವಿಡೀ ಬಾಯಲ್ಲಿದ್ದ ಮಾತು, ಎರಡನೇ ಸಲ ಮಧ್ಯಾಹ್ನದ ಊಟದೊಳಗೆ ಮುಗಿಯುತ್ತಿತ್ತು. ಅಮೆರಿಕದಲ್ಲಿ ಈ ಬದಲಾವಣೆಗೆ ದೊಡ್ಡ ದೂಡು ಸಿಕ್ಕಿದ್ದು 2013ರ ಫೆಬ್ರವರಿಯಲ್ಲಿ. ನೆಟ್‌ಫ್ಲಿಕ್ಸ್ ತನ್ನ ಒಂದು ರಾಜಕೀಯ ಸರಣಿಯ 13 ಸಂಚಿಕೆಗಳನ್ನೂ ಒಂದೇ ದಿನ ಬಿಟ್ಟಿತು. ಈಗ ಅದೇ ಕಂಪನಿ ಕೆಲವು ಸೀಸನ್‌ಗಳನ್ನು ಎರಡು ತುಂಡು ಮಾಡಿ ಬಿಡುತ್ತದೆ. ಉಳಿದ ಕಂಪನಿಗಳಲ್ಲಿ ಮೊದಲ ದಿನ ಎರಡೋ ಮೂರೋ ಬಿಟ್ಟು ಆಮೇಲೆ ವಾರಕ್ಕೊಂದು ಬಿಡುವ ರೂಢಿಯೂ ಇದೆ.

ಮೊದಲ ಹೆಜ್ಜೆ: ಎರಡು ಸಂಚಿಕೆಯ ಪರೀಕ್ಷೆ

ಯಾವುದೇ ಸರಣಿಯ ಮೊದಲ ಎರಡು ಸಂಚಿಕೆಗಳನ್ನು ನೋಡಿ ನಿಲ್ಲಿಸಿ. ಸಂಚಿಕೆಗಳ ಪಟ್ಟಿ ತೆರೆದು ಅವಧಿಯ ಮೇಲೆ ಕಣ್ಣಾಡಿಸಿ. 42, 43, 42, 44 ನಿಮಿಷ ಎಂದು ಹೆಚ್ಚುಕಡಿಮೆ ಒಂದೇ ಅಳತೆ ಕಂಡರೆ ಅದು ಜಾಹೀರಾತಿನ ಚಾನೆಲ್‌ಗೆಂದು, ವಾರಕ್ಕೊಂದು ಗಂಟೆಯ ಜಾಗಕ್ಕೆ ಕತ್ತರಿಸಿದ್ದು. ಹತ್ತು ನಿಮಿಷಕ್ಕೊಮ್ಮೆ ಪರದೆ ಕಪ್ಪಾಗುತ್ತದೆ, ಅದಕ್ಕೆ ಸ್ವಲ್ಪ ಮೊದಲು ಕುತೂಹಲದ ಒಂದು ಸಣ್ಣ ಕೊಕ್ಕೆ ಇರುತ್ತದೆ. 38, 61, 47 ಎಂದು ಏರುಪೇರಾಗಿದ್ದರೆ ಅದನ್ನು ಆ್ಯಪ್‌ಗೆಂದೇ ಮಾಡಿದ್ದು, ಜಾಹೀರಾತಿನ ಹಂಗಿಲ್ಲ.

ಇನ್ನು ಕಥೆಯತ್ತ ನೋಡಿ. ಎರಡನೇ ಸಂಚಿಕೆಯಲ್ಲಿ ಎದ್ದ ಪ್ರಶ್ನೆ ಆ ಸಂಚಿಕೆಯಲ್ಲೇ ತೀರಿತೇ? ತೀರಿದ್ದರೆ (ಸಂಚಿಕೆಗೊಂದು ಕೇಸು, ಸಂಚಿಕೆಗೊಂದು ಕಥೆ) ಅದಕ್ಕೆ ಅವಸರ ಬೇಡ. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್' ಇದಕ್ಕೆ ಮಾದರಿ: ಹೆಚ್ಚಿನ ಕಥೆಗಳು ಒಂದೊಂದೇ ಸಂಚಿಕೆಗೆ ಮುಗಿಯುತ್ತವೆ. ಒಂದು ಕಥೆ ಮನಸ್ಸಿಗೆ ಇಳಿಯುವ ಮೊದಲೇ ಇನ್ನೊಂದು ಹಾಕಿದರೆ ಹಿಂದಿನದು ಅಳಿಸಿಹೋಗುತ್ತದೆ. ಇಂಥದ್ದು ದಿನಕ್ಕೆ ಒಂದು ಸಾಕು, ಅದೂ ಊಟದ ನಂತರ.

ಪ್ರಶ್ನೆ ತೀರದೆ ಮುಂದಕ್ಕೆ ಹೋದರೆ ಅದರಲ್ಲೂ ಎರಡು ಬಗೆ. ಆರರಿಂದ ಎಂಟು ಸಂಚಿಕೆಯ ಬಿಗಿಯಾದ ಥ್ರಿಲ್ಲರ್‌ನಲ್ಲಿ ಕಥೆ ಅನೇಕ ಸಲ ಕೆಲವೇ ದಿನದೊಳಗೆ ನಡೆಯುತ್ತದೆ. ಪಾತ್ರಗಳ ಉಸಿರು ನಮಗೂ ತಾಗಬೇಕಾದರೆ ಎರಡು ಮೂರು ಸಂಜೆಯಲ್ಲಿ ಮುಗಿಸಬೇಕು. ಇದನ್ನು ವಾರಕ್ಕೊಂದರಂತೆ ಎಳೆದರೆ ಸುಳಿವುಗಳು ಮರೆತು "ಇವನು ಯಾರು?" ಎಂದು ಪಕ್ಕದವರನ್ನು ಕೇಳುವುದೇ ಕೆಲಸವಾಗುತ್ತದೆ. ಆದರೆ ಇಡೀ ರಸವೇ ಊಹೆಯಲ್ಲಿರುವ ಒಗಟಿನ ಸರಣಿಯನ್ನು (ಕೊಂದದ್ದು ಯಾರು, ಆ ಊರಿನ ಗುಟ್ಟೇನು) ದಯವಿಟ್ಟು ಒಂದೇ ರಾತ್ರಿ ಮುಗಿಸಬೇಡಿ. ಉತ್ತರ ಒಂದು ಗುಂಡಿಯ ದೂರದಲ್ಲಿರುವಾಗ ಯಾರೂ ಊಹೆ ಮಾಡುವುದಿಲ್ಲ. ಬರೆದವರು ಎಂಟು ವಾರದ ಊಹೆಗೆಂದು ಇಟ್ಟ ಸುಳಿವುಗಳು ಹಾಗೆಯೇ ದಾಟಿಹೋಗುತ್ತವೆ.

ಇಪ್ಪತ್ತೆರಡು ನಿಮಿಷದ ಹಾಸ್ಯ ಸರಣಿಗಳು ದಿನಕ್ಕೆ ಎರಡು, ಹೆಚ್ಚೆಂದರೆ ಮೂರು. ಹೆಚ್ಚು ನೋಡಿದರೆ ಪ್ರತಿ ಪಾತ್ರದ ವರಸೆ ಮೊದಲೇ ಗೊತ್ತಾಗಿ ನಗು ಬರುವುದು ನಿಲ್ಲುತ್ತದೆ. ನಿಜ ಅಪರಾಧ ಪ್ರಕರಣಗಳ ಸಾಕ್ಷ್ಯಚಿತ್ರಗಳನ್ನು ಒಂದೊಂದೇ, ಸಾಧ್ಯವಾದರೆ ಹಗಲಿನಲ್ಲಿ ನೋಡುವುದು ಮೇಲು.

ಕನ್ನಡದ ದಿನವಹಿ ಧಾರಾವಾಹಿಗಳ ಲೆಕ್ಕ ಬೇರೆ. ಅರ್ಧ ಗಂಟೆಯ ಜಾಗದಲ್ಲಿ ಜಾಹೀರಾತು ಕಳೆದರೆ ಸುಮಾರು 22 ನಿಮಿಷ, ಅದರಲ್ಲೂ ಮೊದಲ ಎರಡು ನಿಮಿಷ ನಿನ್ನೆಯದೇ ದೃಶ್ಯ. ವಾರದ ಐದು ಸಂಚಿಕೆಗಳನ್ನು ಶನಿವಾರ ಆ್ಯಪ್‌ನಲ್ಲಿ ಒಟ್ಟಿಗೆ ನೋಡುವವರು ಎರಡನೆಯದರಿಂದ ಮುಂದೆ ಪ್ರತಿಯೊಂದರ ಮೊದಲ ಎರಡು ನಿಮಿಷ ಹಾರಿಸಿದರೆ ಒಂದೂಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಆದರೆ ಮನೆಯ ಅಜ್ಜಿ ದಿನವೂ ಏಳೂವರೆಗೆ ನೋಡುವವರಾದರೆ ಅವರ ಕ್ರಮವನ್ನು ಕೆಡಿಸಬೇಡಿ. ಅವರಿಗೆ ಕಥೆಯಷ್ಟೇ ಮುಖ್ಯ, ದೀಪ ಹಚ್ಚಿ ಆದ ಮೇಲಿನ ಆ ಹೊತ್ತು.

ಎರಡನೇ ಹೆಜ್ಜೆ: ಗಂಟೆ ಕೂಡಿಸಿ, ಹಿಂದಿನಿಂದ ಎಣಿಸಿ

50 ನಿಮಿಷದ ಹತ್ತು ಸಂಚಿಕೆ ಎಂದರೆ 500 ನಿಮಿಷ, ಅಂದರೆ 8 ಗಂಟೆ 20 ನಿಮಿಷ. ಶೀರ್ಷಿಕೆ ಗೀತೆ ಒಂದೂವರೆ ನಿಮಿಷದ್ದಾದರೆ ಅದನ್ನು ಹಾರಿಸಿ ಹದಿನೈದು ನಿಮಿಷ ಉಳಿಸಬಹುದು, ಅಷ್ಟೆ. ಇದು ಒಂದು ಸಂಜೆಯ ಕೆಲಸವಲ್ಲ. ಮೂರು ಸಂಜೆಗೆ 3, 3, 4 ಎಂದು ಹಂಚಿದರೆ ಸರಿಹೋಗುತ್ತದೆ. ನಾಲ್ಕರ ದಿನ ಶನಿವಾರ ಇರಲಿ.

ಹೊತ್ತನ್ನು ಯಾವಾಗಲೂ ಮಲಗುವ ಗಂಟೆಯಿಂದ ಹಿಂದಕ್ಕೆ ಎಣಿಸಿ. ರಾತ್ರಿ 11ಕ್ಕೆ ಮಲಗಬೇಕು ಎಂದರೆ 10.30ಕ್ಕೆ ಪರದೆ ಆರಬೇಕು. ಒಂದು ಸಂಚಿಕೆಗೆ 9.30ಕ್ಕೆ ಶುರು, ಎರಡಕ್ಕೆ 8.40ಕ್ಕೆ. ಎರಡರಲ್ಲೂ ಹತ್ತು ನಿಮಿಷ ಹೆಚ್ಚುವರಿ ಸೇರಿದೆ. ಅದು ಯಾಕೆಂದು ಮುಂದಿನ ಹೆಜ್ಜೆಯಲ್ಲಿ ಹೇಳುತ್ತೇವೆ. ಕೊನೆಯ ಅರ್ಧ ಗಂಟೆಯನ್ನು ಉಳಿಸಿಕೊಳ್ಳಲು ಕಾರಣವಿದೆ. ಬೆಲ್ಜಿಯಂನಲ್ಲಿ 18ರಿಂದ 25 ವರ್ಷದ 423 ಮಂದಿಯ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಟ್ಟಿಗೆ ಹೆಚ್ಚು ಸಂಚಿಕೆ ನೋಡುವವರ ನಿದ್ದೆಯ ಗುಣಮಟ್ಟ ಕಡಿಮೆ ಇತ್ತು. ಮಲಗಿದ ಮೇಲೂ ತಲೆಯಲ್ಲಿ ಕಥೆ ಓಡುತ್ತಿರುವುದು ಅದಕ್ಕೆ ಕಾರಣವಾಗಿ ಕಂಡುಬಂತು. ಆ ಓಟ ನಿಲ್ಲಲು ಸ್ವಲ್ಪ ಹೊತ್ತು ಬೇಕು: ನಾಳೆಗೆ ಅಕ್ಕಿ ನೆನೆಹಾಕಿ, ಬಾಗಿಲು ಭದ್ರ ಮಾಡಿ, ನಾಲ್ಕು ಮಾತಾಡಿ ಮಲಗಿ.

ಮೂರನೇ ಹೆಜ್ಜೆ: ನಿಲ್ಲಿಸುವ ಜಾಗ ಬದಲಿಸಿ

ಈ ಲೇಖನದಲ್ಲಿ ಒಂದೇ ಒಂದನ್ನು ಪಾಲಿಸುವುದಾದರೆ ಇದನ್ನು ಪಾಲಿಸಿ. ಸಂಚಿಕೆಯ ಕೊನೆಯಲ್ಲಿ ನಿಲ್ಲಿಸಬೇಡಿ.

ಕೊನೆಯ ಎರಡು ನಿಮಿಷವನ್ನು ಗಮನವಿಟ್ಟು ನೋಡಿ. ಬಾಗಿಲು ತಟ್ಟಿದ ಸದ್ದು. ಪಾತ್ರ ತಿರುಗುತ್ತದೆ, ಕಣ್ಣು ಅಗಲವಾಗುತ್ತದೆ, ಬಂದವರು ಯಾರೆಂದು ತೋರಿಸದೆ ಪರದೆ ಕಪ್ಪಾಗುತ್ತದೆ. ಕೆಳಗಿನ ಬಲಮೂಲೆಯಲ್ಲಿ ಮುಂದಿನ ಸಂಚಿಕೆಯ ಗುಂಡಿ ಮೂಡಿ, ಅದರೊಳಗೆ ಬಣ್ಣ ಎಡದಿಂದ ಬಲಕ್ಕೆ ತುಂಬುತ್ತಾ ಹೋಗುತ್ತದೆ. ಅದು ತುಂಬುವಷ್ಟರಲ್ಲಿ ರಿಮೋಟ್ ಸೋಫಾದ ಯಾವ ಸಂದಿನಲ್ಲಿದೆ ಎಂದು ಹುಡುಕುವುದಕ್ಕೂ ಪುರುಸೊತ್ತಿಲ್ಲ. ಸರಣಿ ಬರೆಯುವವರು ತಮ್ಮ ಶಕ್ತಿಯನ್ನೆಲ್ಲ ಸುರಿಯುವುದೇ ಆ ಜಾಗದಲ್ಲಿ. ಅಲ್ಲಿ ನಿಲ್ಲಿಸಲು ಮನೋಬಲ ಸಾಲದ್ದಕ್ಕೆ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ.

ಬದಲಿಗೆ ಮುಂದಿನ ಸಂಚಿಕೆಯನ್ನು ಶುರು ಮಾಡಿ, ಐದರಿಂದ ಹತ್ತು ನಿಮಿಷ ನೋಡಿ. ಬಾಗಿಲಲ್ಲಿ ನಿಂತವರು ಯಾರೆಂದು ಸಾಮಾನ್ಯವಾಗಿ ಅಷ್ಟರಲ್ಲಿ ಗೊತ್ತಾಗುತ್ತದೆ. ಕಥೆ ಒಂದು ಉಸಿರು ಬಿಟ್ಟು ಹೊಸ ದೃಶ್ಯಕ್ಕೆ, ಹೊಸ ಜಾಗಕ್ಕೆ ಹೋಗುತ್ತದೆ. ಆ ಹೊಸ ದೃಶ್ಯ ಬಂದ ಕೂಡಲೇ ನಿಲ್ಲಿಸಿ. ಅಲ್ಲಿ ಎದ್ದು ಹೋಗುವುದು ಕಷ್ಟವಾಗುವುದಿಲ್ಲ. ಮರುದಿನ ಅಲ್ಲಿಂದಲೇ ಮುಂದುವರಿಸಿದರೆ ಕುತೂಹಲವೂ ಉಳಿದಿರುತ್ತದೆ. ಮೇಲೆ ಹೇಳಿದ ಹೆಚ್ಚುವರಿ ಹತ್ತು ನಿಮಿಷ ಇದಕ್ಕೇ.

ಇದರ ಜತೆಗೆ ತನ್ನಿಂತಾನೇ ಮುಂದಿನ ಸಂಚಿಕೆ ಹಾಕುವ ಆಟೋಪ್ಲೇ ಬಂದ್ ಮಾಡಿ. ನೆಟ್‌ಫ್ಲಿಕ್ಸ್‌ನಲ್ಲಿ ಬ್ರೌಸರ್ ಮೂಲಕ ಅಕೌಂಟ್‌ಗೆ ಹೋಗಿ, ನಿಮ್ಮ ಪ್ರೊಫೈಲ್ ತೆರೆದು, ಪ್ಲೇಬ್ಯಾಕ್ ಸೆಟ್ಟಿಂಗ್ಸ್‌ನಲ್ಲಿ ಮುಂದಿನ ಸಂಚಿಕೆಯ ಆಟೋಪ್ಲೇಯ ಗುರುತು ತೆಗೆದು ಸೇವ್ ಮಾಡಬೇಕು. ಇದು ಪ್ರೊಫೈಲ್‌ಗೊಂದರಂತೆ ಇರುವುದರಿಂದ ಒಬ್ಬರದ್ದು ತೆಗೆದರೆ ಮನೆಯವರೆಲ್ಲರದ್ದೂ ಹೋಗುವುದಿಲ್ಲ. ಬದಲಾವಣೆ ಟಿವಿಯಲ್ಲಿ ಕಾಣದಿದ್ದರೆ ಬೇರೆ ಪ್ರೊಫೈಲ್‌ಗೆ ಹೋಗಿ ವಾಪಸ್ ಬನ್ನಿ.

ಡೇಟಾ, ಕರೆಂಟು, ಮಳೆ

ನೆಟ್‌ಫ್ಲಿಕ್ಸ್ ಲೆಕ್ಕದಲ್ಲಿ ಗಂಟೆಗೆ ಸಾಧಾರಣ ಗುಣಮಟ್ಟಕ್ಕೆ ಸುಮಾರು 0.7 ಜಿಬಿ, ಎಚ್‌ಡಿಗೆ 3 ಜಿಬಿವರೆಗೆ, 4ಕೆಗೆ 7 ಜಿಬಿವರೆಗೆ ಬೇಕು. ಮೇಲಿನ ಹತ್ತು ಸಂಚಿಕೆಗೆ ಎಚ್‌ಡಿಯಲ್ಲಿ 25 ಜಿಬಿ. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕ್‌ನಲ್ಲಿ ಎಚ್‌ಡಿ ಹಾಕಿದರೆ 40 ನಿಮಿಷಕ್ಕೇ ಖಾಲಿಯಾಗಬಹುದು, ಅದೂ ಕ್ಲೈಮ್ಯಾಕ್ಸ್‌ಗೆ ಸರಿಯಾಗಿ. ಮಣಿಪಾಲದ ಹಾಸ್ಟೆಲ್‌ಗಳಲ್ಲಿ, ಪಿಜಿಗಳಲ್ಲಿ ಮೊಬೈಲ್ ಡೇಟಾವನ್ನೇ ನಂಬಿದವರು ಗುಣಮಟ್ಟವನ್ನು ಇಳಿಸಿಟ್ಟುಕೊಳ್ಳುವುದು ಒಳ್ಳೆಯದು. ಆರು ಇಂಚಿನ ಪರದೆಯಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ.

ಮಂಗಳೂರು–ಉಡುಪಿ ಬಸ್ಸಿನಲ್ಲಿ ದಿನಾ ಓಡಾಡುವವರಿಗೆ ಒಂದು ದಾರಿಗೆ ಒಂದು ಸಂಚಿಕೆ ಸರಿಯಾಗಿ ಹಿಡಿಸುತ್ತದೆ. ಹಿಂದಿನ ರಾತ್ರಿ ಮನೆಯ ವೈಫೈಯಲ್ಲಿ ಇಳಿಸಿಕೊಂಡಿರಿ. ಬೆಂಗಳೂರಿಗೆ ರೈಲಿನಲ್ಲಿ ಹೋಗುವವರಂತೂ ಇಳಿಸಿಕೊಳ್ಳಲೇಬೇಕು: ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರದವರೆಗೆ 57 ಸುರಂಗಗಳಿವೆ, ಅಲ್ಲಿ ನೆಟ್‌ವರ್ಕ್ ನೆಚ್ಚಿ ಕೂರುವಂತಿಲ್ಲ. (ಹಗಲು ರೈಲಾದರೆ ಆ ಘಾಟಿಯಲ್ಲಿ ಫೋನ್ ಒಳಗಿಡಿ, ಕಿಟಕಿಯ ಹೊರಗಿರುವುದಕ್ಕೆ ಯಾವ ಸರಣಿಯೂ ಸಮವಲ್ಲ.) ಇಳಿಸಿಕೊಂಡದ್ದಕ್ಕೆ ಅವಧಿ ಇದೆ ಎಂಬುದು ನೆನಪಿರಲಿ. ಕೆಲವು ಏಳು ದಿನದಲ್ಲಿ ಮುಗಿಯುತ್ತವೆ, ಕೆಲವು ಒಮ್ಮೆ ನೋಡಲು ಶುರು ಮಾಡಿದ 48 ಗಂಟೆಯಲ್ಲಿ. ಹತ್ತನ್ನೂ ಒಟ್ಟಿಗೆ ಇಳಿಸಿಟ್ಟರೆ ಕೊನೆಯವು ನೋಡುವ ಮೊದಲೇ ಅವಧಿ ತೀರುತ್ತದೆ. ಮೂರು ಮೂರೇ ಇಳಿಸಿಕೊಳ್ಳಿ.

ಒಟ್ಟಿಗೆ ಕೂತು ಇಡೀ ಸೀಸನ್ ನೋಡುವ ಆಸೆ ಇದ್ದರೆ ನಮ್ಮಲ್ಲಿ ಅದಕ್ಕೆ ಆಟಿ ತಿಂಗಳೇ ಪ್ರಶಸ್ತ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಮದುವೆ ಇಲ್ಲ, ಭೂತಕೋಲ ಇಲ್ಲ, ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಯಕ್ಷಗಾನ ಮೇಳಗಳ ತಿರುಗಾಟವೂ ಇಲ್ಲ. ಹೊರಗೆ ಎಡೆಬಿಡದ ಮಳೆ, ಒಳಗೆ ಬೇಸಿಗೆಯಲ್ಲಿ ಒಣಗಿಸಿಟ್ಟ ಹಲಸಿನ ಹಪ್ಪಳ. ತೊಂದರೆ ಕರೆಂಟಿನದ್ದು. 12 ವೋಲ್ಟ್, 150 ಆಂಪಿಯರ್-ಅವರ್ ಇನ್ವರ್ಟರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವಾಟ್-ಅವರ್ ಇದ್ದರೂ, ನಷ್ಟ ಕಳೆದು, ಬ್ಯಾಟರಿ ಪೂರ್ತಿ ಬರಿದಾಗದಂತೆ ನೋಡಿಕೊಂಡರೆ ಸುಮಾರು 900ನ್ನು ನಂಬಬಹುದು. 43 ಇಂಚಿನ ಟಿವಿಗೆ 90 ವಾಟ್, ಫ್ಯಾನಿಗೆ 70, ರೂಟರ್ ಮತ್ತು ಒಂದು ಬಲ್ಬಿಗೆ 30 ಎಂದು ಹಿಡಿದರೆ ಗಂಟೆಗೆ 190. ಮೂರು ಗಂಟೆ ನೋಡಿದರೆ 570 ಖರ್ಚು, ಉಳಿದ 330ರಲ್ಲಿ ರಾತ್ರಿಗೆ ಫ್ಯಾನು ನಾಲ್ಕು ಗಂಟೆ ತಿರುಗುತ್ತದೆ. ಅದಕ್ಕಿಂತ ಹೆಚ್ಚು ನೋಡಿದರೆ ಸೆಖೆಗೆ ಮಕ್ಕಳು ಎದ್ದು ಕೂರುತ್ತಾರೆ. ನಿಮ್ಮ ಮನೆಯ ರೂಟರ್ ಉರಿಯುತ್ತಿದ್ದರೂ ಬೀದಿಯ ಕೇಬಲ್‌ನವರ ಉಪಕರಣಕ್ಕೆ ಕರೆಂಟ್ ಇಲ್ಲದಿದ್ದರೆ ಇಂಟರ್ನೆಟ್ ಹೋಗುತ್ತದೆ. ಅದಕ್ಕಾಗಿ ಎರಡು ಸಂಚಿಕೆ ಫೋನಿನಲ್ಲೋ ಟ್ಯಾಬ್‌ನಲ್ಲೋ ಇಳಿಸಿಟ್ಟಿರಿ.

ಗುಡುಗು ಸಿಡಿಲಿನ ಅಪಾಯ ಹೆಚ್ಚಿರುವುದು ಆಟಿಯಲ್ಲಲ್ಲ. ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್‌ನ ಸಂಜೆಗಳಲ್ಲಿ. ಮೋಡ ಕಟ್ಟುತ್ತಿರುವುದು ಕಂಡ ಕೂಡಲೇ, ಗುಡುಗು ಶುರುವಾಗುವ ಮೊದಲೇ, ಸಂಚಿಕೆ ಎಲ್ಲೇ ಇರಲಿ ನಿಲ್ಲಿಸಿ, ಟಿವಿಯ ಪ್ಲಗ್ ತೆಗೆಯಿರಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಸೆಟ್‌ಟಾಪ್ ಬಾಕ್ಸ್‌ಗೆ ಬರುವ ಕೇಬಲ್ ಅಥವಾ ಡಿಶ್ ವಯರನ್ನೂ ಬಿಚ್ಚಿ, ಏಕೆಂದರೆ ಆ ತಾಮ್ರದ ದಾರಿಯಲ್ಲೂ ಸಿಡಿಲಿನ ಹೊಡೆತ ಬರುತ್ತದೆ.

ವಾರಕ್ಕೊಂದು ನೋಡುವವರಿಗೆ

ವಾರಕ್ಕೊಂದು ಎಂಬುದು ತನ್ನಷ್ಟಕ್ಕೆ ನಡೆಯುವುದಿಲ್ಲ, ದಿನ ಮತ್ತು ಗಂಟೆ ನಿಗದಿಯಾಗಬೇಕು. ಅಮೆರಿಕದಲ್ಲಿ ಪೂರ್ವ ಕರಾವಳಿಯ ಸಮಯಕ್ಕೆ ಭಾನುವಾರ ರಾತ್ರಿ 9ಕ್ಕೆ ಬರುವ ಸಂಚಿಕೆ ನಮಗೆ ಸೋಮವಾರ ಬೆಳಿಗ್ಗೆ, ಅವರ ಬೇಸಿಗೆಯಲ್ಲಿ 6.30, ಚಳಿಗಾಲದಲ್ಲಿ 7.30. ನೆಟ್‌ಫ್ಲಿಕ್ಸ್‌ನ ಹೊಸ ಸಂಚಿಕೆಗಳು ಸಾಮಾನ್ಯವಾಗಿ ಕ್ಯಾಲಿಫೋರ್ನಿಯಾದ ನಡುರಾತ್ರಿಗೆ, ಅಂದರೆ ನಮ್ಮ ಮಧ್ಯಾಹ್ನ 12.30 ಅಥವಾ 1.30ಕ್ಕೆ ಬರುತ್ತವೆ. ನೀವು ರಾತ್ರಿ ನೋಡುವವರಾದರೆ ಬೆಳಿಗ್ಗೆಯಿಂದ ಸಂಜೆವರೆಗಿನ ಹೊತ್ತೇ ಕಥೆ ಬಯಲಾಗುವ ಅಪಾಯದ ಹೊತ್ತು. ಅಷ್ಟು ಗಂಟೆ ಇನ್‌ಸ್ಟಾಗ್ರಾಮ್ ಬದಿಗಿಟ್ಟು, ಗೆಳೆಯರ ವಾಟ್ಸ್‌ಆ್ಯಪ್ ಗುಂಪನ್ನು ಮ್ಯೂಟ್ ಮಾಡಿ, ಯೂಟ್ಯೂಬ್ ತೆರೆಯದೆ ಇದ್ದರೆ ಸಾಕು. ಯೂಟ್ಯೂಬ್‌ನ ಪುಟ್ಟ ಚಿತ್ರವೊಂದರಲ್ಲೇ ಸತ್ತ ಪಾತ್ರದ ಮುಖ ಇರುತ್ತದೆ.

ಈ ಕಡೆಯ ಎಷ್ಟೋ ಮನೆಗಳಲ್ಲಿ ಅಣ್ಣನೋ ಬಾವನೋ ದುಬೈಯಲ್ಲಿರುತ್ತಾರೆ. ವಾರದ ಸಂಚಿಕೆಯನ್ನು ಅವರ ಜತೆಗೆ ನೋಡಲು ಸುಲಭದ ಲೆಕ್ಕವಿದೆ: ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ನಮ್ಮ 9.30 ಅವರ 8. ಫೋನ್ ಮಾಡಿ, ಇಬ್ಬರೂ 0:00ಕ್ಕೆ ನಿಲ್ಲಿಸಿಟ್ಟು, ಮೂರು ಎಣಿಸಿ ಒಟ್ಟಿಗೆ ಒತ್ತಿ, ಫೋನ್ ಇಟ್ಟುಬಿಡಿ. ಕರೆಯನ್ನು ಹಾಗೆಯೇ ಇಟ್ಟರೆ ಟಿವಿಯ ಸದ್ದು ಮರುದನಿಯಾಗಿ ಕಿವಿಗೆ ಹಿಂಸೆ. ಮುಗಿದ ಮೇಲೆ ಮತ್ತೆ ಫೋನ್ ಮಾಡಿ. ಆ ಇಪ್ಪತ್ತು ನಿಮಿಷದ ಮಾತು, "ಅವನನ್ನು ನಂಬಬೇಡಿ ಮಾರಾಯ್ರೆ, ಮುಂದಿನ ವಾರ ನೋಡಿ ಬೇಕಾದರೆ" ಎಂಬ ವಾದ, ಒಂದೇ ರಾತ್ರಿಗೆ ಮುಗಿಸಿದವರಿಗೆ ಸಿಗುವಂಥದ್ದಲ್ಲ. ವಾರಕ್ಕೊಂದರ ಪರವಾಗಿ ನಮ್ಮ ಬಲವಾದ ಕಾರಣ ಇದೇ.

ನೆನಪಿನ ಮಾತೂ ಇದೆ. ಮೆಲ್ಬರ್ನ್ ವಿಶ್ವವಿದ್ಯಾಲಯದ ಸಂಶೋಧಕರು ವಿದ್ಯಾರ್ಥಿಗಳ ಮೂರು ಗುಂಪುಗಳಿಗೆ ಆರು ಸಂಚಿಕೆಯ ಒಂದೇ ಸರಣಿಯನ್ನು ಒಟ್ಟಿಗೆ, ದಿನಕ್ಕೊಂದು, ವಾರಕ್ಕೊಂದು ಎಂದು ತೋರಿಸಿ, 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಮರುದಿನ ಕೇಳಿದಾಗ ಒಟ್ಟಿಗೆ ನೋಡಿದವರಿಗೇ ಹೆಚ್ಚು ನೆನಪಿತ್ತು. 140 ದಿನಗಳ ಬಳಿಕ ಕೇಳಿದಾಗ ಅವರ ನೆನಪೇ ಹೆಚ್ಚು ಇಳಿದಿತ್ತು, ವಾರಕ್ಕೊಂದು ನೋಡಿದವರದ್ದು ಅಷ್ಟಾಗಿ ಇಳಿದಿರಲಿಲ್ಲ. ಒಟ್ಟಿಗೆ ನೋಡಿದವರು ಆನಂದಪಟ್ಟದ್ದೂ ಕಡಿಮೆ ಎಂದು ಹೇಳಿದರು.

ಇನ್ನು ದುಡ್ಡು. ಎಂಟು ಸಂಚಿಕೆ ವಾರಕ್ಕೊಂದರಂತೆ ಬಂದರೆ ಮೊದಲನೆಯದು 1ನೇ ದಿನ, ಎಂಟನೆಯದು 50ನೇ ದಿನ. ಮೊದಲ ದಿನವೇ ಚಂದಾ ಕಟ್ಟಿದರೆ ಎರಡು ತಿಂಗಳ ಹಣ. ಐದನೇ ಸಂಚಿಕೆ ಬರುವ 29ನೇ ದಿನ ಕಟ್ಟಿ: ಆ ವಾರಾಂತ್ಯದಲ್ಲಿ ಮೊದಲ ನಾಲ್ಕನ್ನು ನೋಡಿ, ಉಳಿದ ನಾಲ್ಕನ್ನು ಊರಿನವರ ಜತೆ ವಾರಕ್ಕೊಂದರಂತೆ ನೋಡಿದರೆ ಒಂದೇ ತಿಂಗಳ ಹಣದಲ್ಲಿ ಎರಡೂ ಸುಖ. ಹತ್ತು ಸಂಚಿಕೆಯದ್ದಾದರೆ ಏಳನೆಯದು ಬರುವ 43ನೇ ದಿನ ಕಟ್ಟಿ. ಕಟ್ಟಿದ ದಿನವೇ ತನ್ನಿಂತಾನೇ ನವೀಕರಣವಾಗುವುದನ್ನು ರದ್ದು ಮಾಡಿಡಿ; ಸಾಮಾನ್ಯವಾಗಿ ಕಟ್ಟಿದ ಅವಧಿ ಮುಗಿಯುವವರೆಗೂ ನೋಡಬಹುದು.

ಎಡವುವ ಜಾಗಗಳು

ಮನೆಯಲ್ಲಿ ಜಗಳ ಹುಟ್ಟುವುದು ಒಬ್ಬರು ಮುಂದೆ ಹೋದಾಗ. ಒಟ್ಟಿಗೆ ನೋಡುವುದಕ್ಕೆ "ಮನೆ" ಎಂಬ ಬೇರೆಯೇ ಪ್ರೊಫೈಲ್ ಮಾಡಿ, ಅದರಲ್ಲಿ ಎಲ್ಲರೂ ಇರುವಾಗ ಮಾತ್ರ ನೋಡಿ. ಯಾವ ಸಂಚಿಕೆಯಲ್ಲಿ ನಿಲ್ಲಿಸಿದ್ದೆವು ಎಂಬುದಕ್ಕೆ ಮತ್ತೆ ಚರ್ಚೆ ಬೇಡ.

ನಿದ್ದೆ ಹೋಗಿ ಮೂರು ಸಂಚಿಕೆ ಓಡಿಬಿಟ್ಟಿದ್ದರೆ, ನೋಡಿದ ನೆನಪಿರುವ ಕೊನೆಯ ದೃಶ್ಯವನ್ನು ಹುಡುಕುತ್ತಾ ಹಿಂದೆ ಮುಂದೆ ಎಳೆಯಬೇಡಿ. ಹಾಗೆ ಎಳೆಯುವಾಗಲೇ ಮುಂದಿನ ಕಥೆ ಕಣ್ಣಿಗೆ ಬೀಳುವುದು. ಸಂಚಿಕೆಗಳ ಪಟ್ಟಿಗೆ ಹೋಗಿ, ನೆನಪಿರುವ ಕೊನೆಯ ಸಂಚಿಕೆಯನ್ನು ಮೊದಲಿನಿಂದ ಹಾಕಿ, ಹತ್ತು ಹತ್ತು ಸೆಕೆಂಡಿನಂತೆ ಮುಂದೆ ಸರಿಯಿರಿ.

ಪಾತ್ರಗಳ ಹೆಸರು ಮರೆಯುವವರು, ಅದರಲ್ಲೂ ಕೊರಿಯನ್ ಸರಣಿಗಳಲ್ಲಿ, ಒಂದು ಚೀಟಿಯಲ್ಲಿ ಐದಾರು ಹೆಸರು ಮತ್ತು ಒಂದೊಂದು ಗುರುತು ಬರೆದು ಟಿವಿಯ ಬಳಿ ಇಡಿ: "ಕನ್ನಡಕದ ಡಾಕ್ಟರ್, ತಂಗಿಯ ಗಂಡ" ಎಂಬಷ್ಟು ಸಾಕು.

ಸೀಸನ್ ಮುಗಿದು ಮುಂದಿನದು ಬರಲು ವರ್ಷ, ಒಂದೂವರೆ ವರ್ಷ ಆಗುತ್ತದೆ. ಹೊಸ ಸೀಸನ್ ಬಂದ ದಿನ ಮೂರು ನಿಮಿಷದ ಹಿನ್ನೋಟವನ್ನು ಮಾತ್ರ ನಂಬಿ ಶುರು ಮಾಡಬೇಡಿ. ಅದರಲ್ಲಿ ಘಟನೆಗಳಿರುತ್ತವೆ, ಯಾರ ಮನಸ್ಸು ಎಲ್ಲಿ ಮುರಿದಿತ್ತು ಎಂಬುದು ಇರುವುದಿಲ್ಲ. ಹಿಂದಿನ ಸೀಸನ್ನಿನ ಕೊನೆಯ ಎರಡು ಸಂಚಿಕೆಗಳನ್ನು ಹಿಂದಿನ ದಿನ ಸಂಜೆ ಪೂರ್ತಿ ನೋಡಿ, ಮರುದಿನ ಹೊಸದರ ಮೊದಲನೆಯದನ್ನು ಹಾಕಿ.